ಕೀಟನಾಶಕ ಫಾರ್ಮುಲೇಶನ್‌ಗೆ ಪೇಟೆಂಟ್: ‘ಇದು ಸಹಜವಾಗಿ ಹೊಳೆಯುವಂಥದ್ದೇ?’ ಎಂದು ಅಳೆಯುವ ಕ್ರಮ

ತಾರಾಪುರ, ತಳೋಜಾ, ಲೋಟೆ ಕಡೆಯ ಫಾರ್ಮುಲೇಶನ್ ಲ್ಯಾಬಿನ (ಕೀಟನಾಶಕವನ್ನು ಸಿಂಪಡಿಸುವ ರೂಪಕ್ಕೆ ತರುವ ಲ್ಯಾಬಿನ) ಕೆಮಿಸ್ಟ್‌ಗೆ ಸಿಹಿ ಸುದ್ದಿ ಯಾವುದು? 54 ಡಿಗ್ರಿ ಓವನ್‌ನಲ್ಲಿ 14 ದಿನ ಇಟ್ಟ ಬಾಟಲಿಯಲ್ಲಿ ಮೇಲೆ ನೀರು ಬೇರೆಯಾಗಿಲ್ಲ, ತಳದಲ್ಲಿ ಗಟ್ಟಿ ಗಸಿ ಕೂತಿಲ್ಲ ಎನ್ನುವುದು. ಪೇಟೆಂಟ್ ಕಚೇರಿಗೆ ಇದು ಅರ್ಧ ಸುದ್ದಿ. ಅಲ್ಲಿನ ಪ್ರಶ್ನೆಯೇ ಬೇರೆ: ಇದೇ ಕೆಲಸ ಬಲ್ಲ ಇನ್ನೊಬ್ಬ ಕೆಮಿಸ್ಟ್, ಅರ್ಜಿಯ ತಾರೀಖಿಗೆ ಮುಂಚೆ ಸಿಗುತ್ತಿದ್ದ ಕಾಗದಪತ್ರಗಳನ್ನಷ್ಟೇ ಓದಿಕೊಂಡು, ತಾನಾಗಿ ಈ ಬಾಟಲಿಯವರೆಗೆ ಬರುತ್ತಿದ್ದನೇ? ಬರುತ್ತಿದ್ದ ಎಂದಾದರೆ ಅದು ‘ಆಬ್ವಿಯಸ್’. ಎಷ್ಟು ಬೆವರು ಸುರಿಸಿದ್ದರೂ ಪೇಟೆಂಟ್ ಇಲ್ಲ.

ನಮ್ಮ 1970ರ ಪೇಟೆಂಟ್ ಕಾಯ್ದೆಯ ಕಲಂ 2(1)(ಜೆ.ಎ) ಇದನ್ನು ಎರಡು ತುಂಡಾಗಿ ಹೇಳುತ್ತದೆ. ಈಗಿರುವ ಜ್ಞಾನಕ್ಕೆ ಹೋಲಿಸಿದರೆ ತಾಂತ್ರಿಕ ಮುನ್ನಡೆ ಇಲ್ಲವೇ ಆರ್ಥಿಕ ಮಹತ್ವ, ಅಥವಾ ಎರಡೂ ಇರಬೇಕು. ಜೊತೆಗೆ, ನುರಿತವನಿಗೆ ಸಹಜವಾಗಿ ಹೊಳೆಯದಂತಿರಬೇಕು. ಈ ‘ಜೊತೆಗೆ’ಯನ್ನು ಮರೆತು ಮಾರಾಟದ ಅಂಕಿ ಹಿಡಿದುಕೊಂಡು ವಾದಕ್ಕೆ ಹೋಗುವವರು ಬಹಳ. ಚೆನ್ನಾಗಿ ಮಾರಾಟವಾಗುವ ಔಷಧಿ ಸಹಜವಾಗಿ ಹೊಳೆಯುವಂಥದ್ದೂ ಆಗಿರಬಹುದು.

ಅರ್ಜಿ ಹಾಕುವವರಿಗೂ ಬೇರೆಯವರ ಅರ್ಜಿಗೆ ತಕರಾರು ಎತ್ತುವವರಿಗೂ ಕ್ರಮ ಒಂದೇ. ಉದಾಹರಣೆಗೆ ಒಂದು ಕಲ್ಪಿತ ಅರ್ಜಿ ಇಟ್ಟುಕೊಳ್ಳೋಣ. ಅದರಲ್ಲಿ ಎರಡು ಕೀಟನಾಶಕಗಳಿವೆ: ‘ಕ’ ನಿಯೋನಿಕೋಟಿನಾಯ್ಡ್ ಗುಂಪಿನದು, ‘ಖ’ ಪೈರೆಥ್ರಾಯ್ಡ್ ಗುಂಪಿನದು. ಎರಡೂ ಮೊದಲೇ ಗೊತ್ತಿದ್ದವು. ಅರ್ಜಿದಾರರ ಪ್ರಕಾರ, ಎರಡನ್ನೂ ಸೇರಿಸಿ ಎಸ್.ಸಿ. (ಸಸ್ಪೆನ್ಷನ್ ಕಾನ್ಸಂಟ್ರೇಟ್, ಅಂದರೆ ಅರೆದ ಔಷಧಿಯ ಕಣಗಳು ನೀರಿನಲ್ಲಿ ತೇಲುವ ರೂಪ) ಮಾಡಿದ್ದೇ ಆವಿಷ್ಕಾರ.

ಹೆಜ್ಜೆ 1: ಕ್ಲೇಮನ್ನು ಬಿಡಿಬಿಡಿಯಾಗಿ ಬರೆಯಿರಿ

ತೂಗಬೇಕಾದದ್ದು ಉತ್ಪನ್ನವನ್ನಲ್ಲ, ವಿವರಣೆಯ ಉದಾಹರಣೆಗಳನ್ನೂ ಅಲ್ಲ, ಕ್ಲೇಮನ್ನು, ಅಂದರೆ ಅರ್ಜಿದಾರರು ಯಾವುದರ ಮೇಲೆ ಹಕ್ಕು ಕೇಳುತ್ತಾರೋ ಆ ವಾಕ್ಯವನ್ನು. ನಮ್ಮ ಅರ್ಜಿಯ ಮೊದಲ ಕ್ಲೇಮ್ ಹೀಗಿದೆ ಎನ್ನಿ: ತೂಕದ ಲೆಕ್ಕದಲ್ಲಿ ಕ ಶೇ. 5ರಿಂದ 30, ಖ ಶೇ. 2ರಿಂದ 15, ಡಿಸ್ಪರ್ಸೆಂಟ್ ಶೇ. 2ರಿಂದ 6, ಪ್ರೊಪಿಲೀನ್ ಗ್ಲೈಕಾಲ್ ಶೇ. 5ರಿಂದ 10, ಕ್ಸಾಂಥಾನ್ ಗಮ್ ಶೇ. 0.1ರಿಂದ 0.3, ಉಳಿದದ್ದು ನೀರು, ಶೇ. 90 ಕಣಗಳು 5 ಮೈಕ್ರಾನ್‌ಗಿಂತ ಸಣ್ಣವು.

ಒಂದೊಂದು ಅಂಶಕ್ಕೂ ಒಂದೊಂದು ಸಾಲು ಹಾಕಿ, ಪಕ್ಕದಲ್ಲಿ ಅದರ ಕೆಲಸ ಬರೆಯಿರಿ. ಗ್ಲೈಕಾಲ್ ಚಳಿಯಲ್ಲಿ ಹೆಪ್ಪುಗಟ್ಟದಂತೆ ತಡೆಯುತ್ತದೆ. ಗಮ್ ಕಣಗಳು ತಳಕ್ಕೆ ಇಳಿಯದಂತೆ ಹಿಡಿಯುತ್ತದೆ. ಡಿಸ್ಪರ್ಸೆಂಟ್ ಅರೆದ ಕಣಗಳು ಮತ್ತೆ ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಈ ಮೂರೂ ಯಾವುದೇ ಎಸ್.ಸಿ.ಯಲ್ಲಿ ಸರಿಸುಮಾರು ಇದೇ ಪ್ರಮಾಣದಲ್ಲಿ ಇರುವಂಥವು. ಕ್ಲೇಮಿನ ಉದ್ದ ನೋಡಿ ಬೆರಗಾಗಬೇಕಿಲ್ಲ: ಮಾಮೂಲಿ ಸಾಮಾನುಗಳನ್ನು ತೆಗೆದಿಟ್ಟರೆ ಇಲ್ಲಿ ಉಳಿಯುವುದು ಕ ಮತ್ತು ಖ ಒಟ್ಟಿಗೆ ಇರುವುದು, ಅವುಗಳ ಅನುಪಾತ, ಮತ್ತು ಎಸ್.ಸಿ. ಎಂಬ ರೂಪ.

ಅನುಪಾತ ಲೆಕ್ಕ ಹಾಕಿ. ಕ 5, ಖ 15 ಆದರೆ 1:3. ಕ 30, ಖ 2 ಆದರೆ 15:1. ಕ್ಲೇಮ್ ಇಷ್ಟು ಅಗಲ. ವಿವರಣೆಯಲ್ಲಿ ಪರೀಕ್ಷೆ ಮಾಡಿರುವುದು ಕ 12, ಖ 5ರ ಮಿಶ್ರಣ ಒಂದನ್ನೇ, ಅಂದರೆ 2.4:1. ಈ ಅಂತರವನ್ನು ಕೆಂಪು ಶಾಯಿಯಲ್ಲಿ ಗುರುತಿಸಿಡಿ. ಮುಂದೆ ಕೆಲಸಕ್ಕೆ ಬರುತ್ತದೆ. ಕ್ಲೇಮಿನಲ್ಲಿ ‘ಒಳಗೊಂಡಿರುವ’ ಎಂದಿದೆಯೋ ‘ಮಾತ್ರ ಇರುವ’ ಎಂದಿದೆಯೋ ಅದನ್ನೂ ನೋಡಿ. ಮೊದಲನೆಯದಾದರೆ ಬೇರೇನೇ ಸೇರಿದ್ದರೂ ಕ್ಲೇಮಿನೊಳಗೇ ಬರುತ್ತದೆ. ಹಾಗಾಗಿ ಹಳೆಯ ದಾಖಲೆಗಳು ಅದನ್ನು ಹೊಡೆಯುವುದೂ ಸುಲಭ.

ಹೆಜ್ಜೆ 2: ತಾರೀಖು

ಆದ್ಯತೆಯ ತಾರೀಖಿನ (ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನದ) ಮುಂಚೆ ಪ್ರಕಟವಾದದ್ದು, ಅಥವಾ ಭಾರತದಲ್ಲಿ ಬಳಕೆಯಲ್ಲಿದ್ದದ್ದು: ಕಲಂ 25(1)(ಇ) ಪ್ರಕಾರ ಆಧಾರ ಇವೆರಡೇ. ಇಲ್ಲಿ ಒಂದು ಗುಂಡಿ ಇದೆ. ನಿಮ್ಮ ತಾರೀಖಿಗಿಂತ ಮೊದಲೇ ಸಲ್ಲಿಕೆಯಾಗಿ, ಆಮೇಲೆ ಪ್ರಕಟವಾದ ಇನ್ನೊಬ್ಬರ ಭಾರತೀಯ ಅರ್ಜಿಯನ್ನು ‘ಮುಂಚಿನ ಕ್ಲೇಮ್’ ಎಂಬ ಬೇರೆ ಆಧಾರದಡಿ ಎತ್ತಬಹುದು. ಹೊಳೆಯುವಿಕೆಯ ವಾದಕ್ಕೆ ಅದನ್ನು ಎಳೆಯುವಂತಿಲ್ಲ. ಆವತ್ತು ಅದನ್ನು ಯಾರೂ ಓದುವ ಹಾಗಿರಲಿಲ್ಲವಲ್ಲ. ಪಟ್ಟಿಯ ಪ್ರತಿ ದಾಖಲೆಯ ಪಕ್ಕ ಸಲ್ಲಿಸಿದ ತಾರೀಖು ಸಾಲದು, ಪ್ರಕಟವಾದ ತಾರೀಖು ಬರೆಯಿರಿ.

ಸ್ವಂತ ಕಂಪನಿಯ ಕರಪತ್ರವೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕುವ ಮುಂಚೆ ಡೀಲರ್ ಮೀಟಿಂಗ್‌ನಲ್ಲಿ ಹಂಚಿದ ಒಂದು ಹಾಳೆ ತನ್ನ ಅರ್ಜಿಗೆ ತಾನೇ ಮುಳುವಾಗಬಹುದು.

ಹೆಜ್ಜೆ 3: ಹುಡುಕಾಟ

ಪೇಟೆಂಟ್‌ಗಳಿಗೆ ಭಾರತದ ಇನ್‌ಪಾಸ್, ವಿಶ್ವ ಬೌದ್ಧಿಕ ಸಂಪದಾ ಸಂಸ್ಥೆಯ ಪೇಟೆಂಟ್‌ಸ್ಕೋಪ್, ಯುರೋಪಿನ ಎಸ್ಪಾಸೆನೆಟ್ ಮೂರೂ ಉಚಿತ. ಬರೀ ಹೆಸರಿನಿಂದ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ, ವಿಷಯವಾರು ಕೊಡುವ ವರ್ಗೀಕರಣ ಸಂಖ್ಯೆಯಿಂದ ಹುಡುಕಿ. ಎ01ಎನ್ 25/04 ಎಂದರೆ ತೇಲುವ, ಕದಡಿದ ದ್ರವ ರೂಪಗಳು. 25/28 ಎಂದರೆ ಸೂಕ್ಷ್ಮ ಕ್ಯಾಪ್ಸೂಲ್‌ಗಳು. ಎ01ಎನ್ 53 ಪೈರೆಥ್ರಾಯ್ಡ್‌ಗಳ ಮನೆ. ಎ01ಪಿ 7/04 ಕೀಟನಾಶಕಗಳದ್ದು. ಎರಡು ವರ್ಗಗಳನ್ನು ಒಟ್ಟಿಗೆ ಹಾಕಿದರೆ ಪಟ್ಟಿ ಕೈಗೆ ಸಿಗುವಷ್ಟಾಗುತ್ತದೆ.

ಮುಂಬೈ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸುವವರು ಕಡಿಮೆ. ಪ್ರಕಟಣೆಗೆ ಭಾಷೆಯ ಹಂಗಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕನ್ನಡ ಬೇಸಾಯ ಪುಸ್ತಿಕೆ, ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಮರಾಠಿ ಪುಸ್ತಿಕೆ, ಪುಣೆ ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ ಡಬ್ಬದ ಜೊತೆ ಕೊಡುವ ಮಡಚಿದ ಕರಪತ್ರ, ಎಲ್ಲವೂ ನಡೆಯುತ್ತವೆ. ಎರಡು ಔಷಧಿಗಳನ್ನು ಸ್ಪ್ರೇ ಟ್ಯಾಂಕಿನಲ್ಲಿ ಕಲಸಿ ಹೊಡೆಯಿರಿ ಎಂಬ ಒಂದು ಸಾಲು ಇಂಗ್ಲಿಷ್ ಡೇಟಾಬೇಸ್‌ನಲ್ಲಿ ಸಿಗದಿದ್ದರೂ ಇಲ್ಲಿ ಸಿಗಬಹುದು. ಸಿಕ್ಕರೆ ಮುದ್ರಣದ ವರ್ಷ ಇರುವ ಪುಟವನ್ನೂ ಸೇರಿಸಿ ಪ್ರತಿ ತೆಗೆಸಿ, ಅನುವಾದವನ್ನು ದೃಢೀಕರಿಸಿ. ವರ್ಷವಿಲ್ಲದ ಕರಪತ್ರ ಕಸ. ಬಳಕೆ ತೋರಿಸಬೇಕಾದರೆ ಬಿಲ್ಲು ಮತ್ತು ಬ್ಯಾಚ್ ನಂಬರ್ ಇರುವ ಲೇಬಲ್ ಜೋಡಿಯಾಗಿ ಬೇಕು.

ಹೆಜ್ಜೆ 4: ನುರಿತವನು ಯಾರು?

ಫಾರ್ಮುಲೇಶನ್ ಪ್ರಕರಣದಲ್ಲಿ ಆತ ಒಬ್ಬನೇ ಆಗಿರಬೇಕಿಲ್ಲ: ಐದಾರು ವರ್ಷ ಬೀಡ್ ಮಿಲ್ (ಸಣ್ಣ ಮಣಿಗಳಿಂದ ಔಷಧಿ ಅರೆಯುವ ಯಂತ್ರ) ನಡೆಸಿದ ಕೆಮಿಸ್ಟ್ ಮತ್ತು ಹೊಲದಲ್ಲಿ ಪ್ರಯೋಗ ಹಾಕುವ ಕೀಟಶಾಸ್ತ್ರಜ್ಞ, ಇಬ್ಬರ ಜೋಡಿ ಎಂದುಕೊಳ್ಳಿ. ದಾಖಲೆಗಳೆಲ್ಲ ಬಾಯಿಪಾಠ, ಕೈ ಪಳಗಿದೆ, ಕಲ್ಪನೆ ಮಾತ್ರ ಕಡಿಮೆ. ರೋಶ್ ಮತ್ತು ಸಿಪ್ಲಾ ನಡುವಿನ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2015ರ ನವೆಂಬರ್‌ನಲ್ಲಿ ಕೊಟ್ಟ ಐದು ಹಂತದ ಪರೀಕ್ಷೆ ಈ ವ್ಯಕ್ತಿಯಿಂದಲೇ ಆರಂಭವಾಗುತ್ತದೆ: ಅವನನ್ನು ಗುರುತಿಸು, ಆವಿಷ್ಕಾರದ ತಿರುಳನ್ನು ಗುರುತಿಸು, ಆ ದಿನದ ಸಾಮಾನ್ಯ ಜ್ಞಾನವನ್ನು ಅವನ ತಲೆಗೆ ತುಂಬು, ವ್ಯತ್ಯಾಸಗಳನ್ನು ಪಟ್ಟಿ ಮಾಡು, ಆವಿಷ್ಕಾರ ಗೊತ್ತಿಲ್ಲದವನ ಕಣ್ಣಿನಿಂದ ಆ ವ್ಯತ್ಯಾಸಗಳು ಸಹಜವೇ ಎಂದು ತೀರ್ಮಾನಿಸು. ಅದಕ್ಕೂ ಮುಂಚೆ, 1978ರ ಡಿಸೆಂಬರ್‌ನಲ್ಲಿ, ವರ್ಕ್‌ಶಾಪಿನ ಮಾಮೂಲಿ ಸುಧಾರಣೆಗೆ ಪೇಟೆಂಟ್ ಇಲ್ಲ ಎಂದು ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ ಹೇಳಿತ್ತು. ಕೀಟನಾಶಕದ ವಿಚಾರಣೆಯಲ್ಲೂ ಉದ್ಧರಿಸುವ ಆ ತೀರ್ಪು ಹುಟ್ಟಿದ್ದು ಲೇತ್ ಮೇಲೆ ಪಾತ್ರೆ ಹಿಡಿದು ನಿಲ್ಲಿಸುವ ಸಾಧನದ ಜಗಳದಿಂದ.

ಹೆಜ್ಜೆ 5: ‘ಮಾಡಬಹುದಿತ್ತು’ ಬೇರೆ, ‘ಮಾಡುತ್ತಿದ್ದ’ ಬೇರೆ

ಯಾವ ಕೆಮಿಸ್ಟನೂ ಯಾವ ಎರಡನ್ನಾದರೂ ಸೇರಿಸಬಹುದಿತ್ತು. ಅದು ಉತ್ತರವಲ್ಲ. ಸೇರಿಸಲು ಅವನಿಗೆ ಕಾರಣವಿತ್ತೇ? ಸೇರಿಸಿದರೆ ಫಲ ಸಿಕ್ಕೀತು ಎಂಬ ಸಮಂಜಸ ನಿರೀಕ್ಷೆ ಇತ್ತೇ? ಪ್ರತಿ ವ್ಯತ್ಯಾಸಕ್ಕೂ ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ.

ಇ.ಸಿ.ಯಿಂದ (ಔಷಧಿಯನ್ನು ದ್ರಾವಕದಲ್ಲಿ ಕರಗಿಸಿದ ರೂಪದಿಂದ) ಎಸ್.ಸಿ.ಗೆ ಹೋಗಲು ಕಾರಣ ಎಲ್ಲರಿಗೂ ಗೊತ್ತು: ಇ.ಸಿ.ಯ ಆರೊಮ್ಯಾಟಿಕ್ ದ್ರಾವಕಕ್ಕೆ ವಾಸನೆ, ಬೆಂಕಿಯ ಭಯ, ಚರ್ಮಕ್ಕೆ ಉರಿ. ನಿರೀಕ್ಷೆ ಮಾತ್ರ ಔಷಧಿಯ ಗುಣದ ಮೇಲೆ ನಿಂತಿದೆ. ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಕೀಟನಾಶಕ ಬಿಸಿಗೆ ಕರಗುವುದು 200 ಡಿಗ್ರಿಯ ಮೇಲೆ; ನೀರಿನಲ್ಲಿ ಲೀಟರಿಗೆ ಸುಮಾರು 1 ಮಿಲಿಗ್ರಾಂ ಮಾತ್ರ ಕರಗುತ್ತದೆ. ಎಸ್.ಸಿ.ಗೆ ಹೇಳಿ ಮಾಡಿಸಿದ ಪದಾರ್ಥ. ಅದನ್ನು ಎಸ್.ಸಿ. ಮಾಡಿದೆ ಎಂದರೆ ಹುಬ್ಬೇರಿಸುವವರಿಲ್ಲ. ಕ್ಲೋರ್‌ಪೈರಿಫಾಸ್ ಹಾಗಲ್ಲ, ಸುಮಾರು 42 ಡಿಗ್ರಿಗೇ ಕರಗುತ್ತದೆ. ಮಿಲ್ಲಿನೊಳಗೆ ಮಣಿಗಳ ತಿಕ್ಕಾಟಕ್ಕೆ ಬಿಸಿ ಏರಿದರೆ ಪುಡಿಯಾಗುವ ಬದಲು ಮೆತ್ತಗಾಗಿ ಮಣಿಗೇ ಅಂಟುತ್ತದೆ. ಹೇಗೋ ಅರೆದರೂ 54 ಡಿಗ್ರಿ ಓವನ್‌ನಲ್ಲಿ ಕರಗಿ, ತಣ್ಣಗಾದಾಗ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ. ಇಂಥ ಪದಾರ್ಥಕ್ಕೆ ನುರಿತವನು ಇ.ಸಿ.ಯೋ ಕ್ಯಾಪ್ಸೂಲೋ ಹಿಡಿಯುತ್ತಾನೆ. ಯಾರಾದರೂ ಇದನ್ನೇ ಗಟ್ಟಿ ಎಸ್.ಸಿ.ಯಾಗಿ ನಿಲ್ಲಿಸಿದ್ದರೆ ಅದು ತಿಳಿದವರ ನಿರೀಕ್ಷೆಗೆ ವಿರುದ್ಧ, ಹಾಗಾಗಿ ವಾದಕ್ಕೆ ಬಲ.

ಥಯಾಮೆಥಾಕ್ಸಾಮ್‌ನ ತೊಂದರೆ ಇನ್ನೊಂದು ಬಗೆಯದು. ಅದು ಕರಗುವುದು 139 ಡಿಗ್ರಿಗೆ, ಆ ಕಡೆ ಚಿಂತೆ ಇಲ್ಲ. ಆದರೆ ನೀರಿನಲ್ಲಿ ಲೀಟರಿಗೆ 4 ಗ್ರಾಂನಷ್ಟು ಕರಗುತ್ತದೆ. ಸಣ್ಣ ಕಣ ಕರಗಿ ದೊಡ್ಡ ಕಣದ ಮೇಲೆ ಕೂರುತ್ತಾ ಹೋಗುತ್ತದೆ. ಆರು ತಿಂಗಳಲ್ಲಿ ನಾಜಲ್ ಕಟ್ಟುವಷ್ಟು ಹರಳು ಬೆಳೆಯಬಹುದು. ಆದರೆ ಈ ಬೆಳವಣಿಗೆಯನ್ನು ಪಾಲಿಮರ್ ಡಿಸ್ಪರ್ಸೆಂಟ್‌ನಿಂದ ತಡೆಯುವುದೂ ಆ ದಿನಕ್ಕೆ ಗೊತ್ತಿದ್ದ ವಿದ್ಯೆಯೇ ಆಗಿದ್ದರೆ, ತೊಂದರೆ ದೊಡ್ಡದಿದ್ದ ಮಾತ್ರಕ್ಕೆ ಪರಿಹಾರ ಆವಿಷ್ಕಾರವಾಗದು. ಇಲ್ಲಿ ಬಹಳ ಅರ್ಜಿಗಳು ಎಡವುತ್ತವೆ.

ಗಮ್ಮನ್ನು ಶೇ. 0.2ರಿಂದ 0.25ಕ್ಕೆ ಏರಿಸಿದ್ದು, ನೊನೈಲ್‌ಫೀನಾಲ್ ಎಥಾಕ್ಸಿಲೇಟ್ ಬದಲು ಹರಳೆಣ್ಣೆ ಎಥಾಕ್ಸಿಲೇಟ್ ಹಾಕಿದ್ದು ದಿನನಿತ್ಯದ ತಿದ್ದುಪಡಿ. ಅನಿರೀಕ್ಷಿತ ಫಲ ತೋರಿಸದಿದ್ದರೆ ಅಲ್ಲಿಗೇ ಬಿಡಿ.

ಹಳೆಯ ದಾಖಲೆಯೇ ‘ಬೇಡ’ ಎಂದಿದ್ದರೆ ಅದು ಅರ್ಜಿದಾರರ ಆಸ್ತಿ. ಆದರೆ ಆ ‘ಬೇಡ’ ಎಷ್ಟು ಗಟ್ಟಿ ಎಂದು ನೋಡಬೇಕು. ಬೋರ್ಡೋ ದ್ರಾವಣದ ಜೊತೆ ಆರ್ಗನೋಫಾಸ್ಫೇಟ್ ಕಲಸಬಾರದು ಎಂದು ಅಡಿಕೆ ತೋಟದವರಿಗೂ ಗೊತ್ತು. ಸುಣ್ಣದ ಕ್ಷಾರಕ್ಕೆ ಔಷಧಿ ಒಡೆದುಹೋಗುತ್ತದೆ. ಅದು ಕಾರಣ ಸಹಿತ ಎಚ್ಚರಿಕೆ. ‘ಇ.ಸಿ. ಹೆಚ್ಚು ಇಷ್ಟ’ ಎಂದು ಒಂದು ದಾಖಲೆ ಬರೆದಿದ್ದರೆ ಅದು ಎಸ್.ಸಿ. ಬೇಡ ಎಂದ ಹಾಗಾಗುವುದಿಲ್ಲ.

ತಕರಾರು ಎತ್ತುವವರ ಚಟ ಇನ್ನೊಂದು: ಉತ್ತರ ನೋಡಿಕೊಂಡು ಲೆಕ್ಕ ಮಾಡುವುದು. ಕ ಒಂದು ದಾಖಲೆಯಿಂದ, ಖ ಇನ್ನೊಂದರಿಂದ, ಡಿಸ್ಪರ್ಸೆಂಟ್ ಮೂರನೆಯದರಿಂದ ತಂದು ಕೌದಿ ಹೊಲಿಯುತ್ತಾರೆ. ಕೌದಿ ಹೊಲಿಯಬಹುದು, ಆದರೆ ಪ್ರತಿ ಹೊಲಿಗೆಗೂ ದಾರ ತೋರಿಸಬೇಕು: ಮೊದಲನೆಯದನ್ನು ಓದಿದವನು ಎರಡನೆಯದನ್ನು ಯಾಕೆ ಕೈಗೆತ್ತಿಕೊಂಡಾನು? ಒಂದೇ ಕೀಟವೇ, ಒಂದೇ ತೊಂದರೆಯೇ? ಕಂಟ್ರೋಲರ್‌ಗೂ (ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿಗೂ) ಇದೇ ನಿಯಮ. ಅಗ್ರಿಬೋರ್ಡ್ ಪ್ರಕರಣದಲ್ಲಿ 2022ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಪ್ರಕಾರ, ತಿರಸ್ಕರಿಸುವ ಆದೇಶದಲ್ಲಿ ಹಳೆಯದು ಏನು ಹೇಳುತ್ತದೆ, ಅರ್ಜಿ ಏನು ಹೇಳುತ್ತದೆ, ಒಂದರಿಂದ ಇನ್ನೊಂದು ನುರಿತವನಿಗೆ ಹೇಗೆ ಹೊಳೆಯುತ್ತದೆ ಎಂಬ ಮೂರೂ ಇರಬೇಕು.

ಹೆಜ್ಜೆ 6: ಅಂಕಿಗಳನ್ನು ಬಿಚ್ಚಿ ನೋಡಿ

ಎರಡು ಔಷಧಿಗಳ ಮಿಶ್ರಣದಲ್ಲಿ ಜಗಳವೆಲ್ಲ ಕೊನೆಗೆ ಸಿನರ್ಜಿಗೆ ಬಂದು ನಿಲ್ಲುತ್ತದೆ: ಬಿಡಿಯಾಗಿ ಸಿಗುವುದಕ್ಕಿಂತ ಸೇರಿದಾಗ ಹೆಚ್ಚು ಸಿಕ್ಕಿತೇ? ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೋಲ್ಬಿ 1967ರಲ್ಲಿ ಬರೆದ ಸೂತ್ರ. ಒಂದರ ಫಲಕ್ಕೆ ಇನ್ನೊಂದರ ಫಲ ಕೂಡಿ, ಎರಡರ ಗುಣಲಬ್ಧವನ್ನು 100ರಿಂದ ಭಾಗಿಸಿ ಕಳೆಯಿರಿ. ಬಂದದ್ದು ನಿರೀಕ್ಷಿತ ಫಲ.

ಹತ್ತಿಯ ಬಿಳಿನೊಣದ ಮೇಲೆ ಹೆಕ್ಟೇರಿಗೆ ಕ 30 ಗ್ರಾಂ ಒಂಟಿಯಾಗಿ ಶೇ. 40, ಖ 12.5 ಗ್ರಾಂ ಒಂಟಿಯಾಗಿ ಶೇ. 30 ಸಾಯಿಸಿತು ಎನ್ನಿ. 40 ಕೂಡಿಸು 30, ಅಂದರೆ 70. ಅದರಲ್ಲಿ 12 ಕಳೆದರೆ 58. ಇದೇ ಪ್ರಮಾಣದ ಮಿಶ್ರಣ 82 ಕೊಟ್ಟರೆ ಮಾತಾಡುವ ವಿಷಯ. 62 ಕೊಟ್ಟರೆ, ಪ್ರಯೋಗದ ಪುನರಾವರ್ತನೆಗಳ ನಡುವಿನ ಏರುಪೇರು ನೋಡದೆ ಏನೂ ಹೇಳಬೇಡಿ. ಪುನರಾವರ್ತನೆ ಎಷ್ಟೆಂದೇ ಬರೆಯದ ಕೋಷ್ಟಕವನ್ನು ನಂಬಬೇಕಿಲ್ಲ.

ಮೊದಲ ಮೋಸ ತಿದ್ದುಪಡಿಯಲ್ಲಿ. ಔಷಧಿ ಹೊಡೆಯದ ಗಿಡದಲ್ಲೂ ಶೇ. 10 ನೊಣ ಸತ್ತಿದ್ದವು ಎನ್ನಿ. ಅಬಾಟ್ 1925ರಲ್ಲಿ ಕೊಟ್ಟ ಲೆಕ್ಕದಂತೆ ಅದನ್ನು ತೆಗೆಯಬೇಕು: ಕಣ್ಣಿಗೆ ಕಂಡ 46ರಿಂದ 10 ಕಳೆದು 90ರಿಂದ ಭಾಗಿಸಿದರೆ ಶೇ. 40. ಒಂಟಿ ಔಷಧಿಗಳಿಗೆ ಈ ತಿದ್ದುಪಡಿ ಮಾಡಿ, ಮಿಶ್ರಣದ 66ನ್ನು ಹಾಗೇ ಬಿಟ್ಟರೆ ನಿರೀಕ್ಷಿತ 58ರ ಮುಂದೆ 8 ಅಂಕಗಳ ‘ಸಿನರ್ಜಿ’ ಕಾಣುತ್ತದೆ. ಸರಿಯಾಗಿ ತಿದ್ದಿದರೆ ಆ 66 ಎಂದರೆ 62.

ಎರಡನೆಯದು ಡೋಸಿನಲ್ಲಿ. ಎರಡೂ ಒಂಟಿಯಾಗಿ ಶೇ. 90 ಸಾಯಿಸುವ ಪ್ರಮಾಣದಲ್ಲಿ ಹೋಲಿಸಿದರೆ ನಿರೀಕ್ಷೆಯೇ 99. ಹೆಚ್ಚು ತೋರಿಸಲು ಜಾಗವೇ ಇಲ್ಲ.

ಮೂರನೆಯದು ಸೂಕ್ಷ್ಮ, ಬಹಳ ಜನ ಬೀಳುವುದು ಇಲ್ಲೇ. ಎರಡು ಔಷಧಿಗಳು ಬೇರೆಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ ಎಂದು ಕೋಲ್ಬಿ ಸೂತ್ರ ಹಿಡಿದುಕೊಳ್ಳುತ್ತದೆ. ಎರಡೂ ಒಂದೇ ದಾರಿಯವಾದರೆ, ಅಂದರೆ ಎರಡೂ ನಿಯೋನಿಕೋಟಿನಾಯ್ಡ್ ಆಗಿದ್ದರೆ, ಲೆಕ್ಕ ಕೆಡುತ್ತದೆ. ಹೇಗೆಂದು ನೋಡಿ. ಒಂದೇ ಔಷಧಿಯ ಅರ್ಧ ಡೋಸ್ ಶೇ. 10, ಪೂರ್ತಿ ಡೋಸ್ ಶೇ. 60 ಸಾಯಿಸುತ್ತದೆ ಎನ್ನಿ. ಅರ್ಧರ್ಧವನ್ನು ಎರಡು ಬಾಟಲಿಗೆ ಹಾಕಿ ಎರಡು ಬೇರೆ ಹೆಸರಿಡಿ. ಕೋಲ್ಬಿ ಪ್ರಕಾರ ನಿರೀಕ್ಷೆ 10 ಕೂಡಿಸು 10 ಕಳೆ 1, ಅಂದರೆ 19. ಕಂಡದ್ದು 60. ಔಷಧಿ ತನ್ನ ಜೊತೆ ತಾನೇ ಸಿನರ್ಜಿ ತೋರಿಸಿದ ಹಾಗಾಯಿತು!

ಇಂಥ ಕಡೆ ಸನ್ ಮತ್ತು ಜಾನ್ಸನ್ 1960ರಲ್ಲಿ ಕೊಟ್ಟ ಸಹ-ವಿಷತ್ವ ಗುಣಾಂಕ ಕೇಳಿ. ನಮ್ಮ ಕ-ಖ ಜೋಡಿಗೂ ಇದನ್ನು ಹಾಕಿ ನೋಡುವುದು ಒಳ್ಳೆಯದು. ಅರ್ಧದಷ್ಟು ಕೀಟ ಸಾಯುವ ಪ್ರಮಾಣ ಕ 10 ಪಿ.ಪಿ.ಎಂ., ಖ 5 ಪಿ.ಪಿ.ಎಂ. ಎನ್ನಿ. ಕಗೆ 100 ಅಂಕ ಕೊಟ್ಟರೆ ಖಗೆ 200. 12:5ರ ಮಿಶ್ರಣದಲ್ಲಿ ಪಾಲಿನಂತೆ ಬರಬೇಕಾದದ್ದು ಸುಮಾರು 129. ಮಿಶ್ರಣದ ಪ್ರಮಾಣ 7.5 ಪಿ.ಪಿ.ಎಂ. ಬಂದರೆ ಅದರ ಅಂಕ 133; ಅದನ್ನು 129ರಿಂದ ಭಾಗಿಸಿ 100ರಿಂದ ಗುಣಿಸಿದರೆ ಗುಣಾಂಕ 103, ಬರೀ ಕೂಡಿಕೆ. 4 ಪಿ.ಪಿ.ಎಂ. ಬಂದರೆ 193. ರೂಢಿಯಲ್ಲಿ 120 ದಾಟಿದರೆ ಸಿನರ್ಜಿ ಎನ್ನುತ್ತಾರೆ.

ಈಗ ಕೆಂಪು ಶಾಯಿಯ ಗುರುತಿಗೆ ವಾಪಸ್ ಬನ್ನಿ. 193 ಬಂದದ್ದು 2.4:1ರಲ್ಲಿ. ಕ್ಲೇಮ್ 1:3ರಿಂದ 15:1ರವರೆಗೆ. ಒಂದು ತುದಿಯಲ್ಲಾದರೂ ಸಿನರ್ಜಿ ಇಲ್ಲ ಎಂದು ಎದುರಾಳಿ ಪ್ರಯೋಗ ಮಾಡಿ ತೋರಿಸಿದರೆ ಇಡೀ ಕ್ಲೇಮ್ ಅಲುಗಾಡುತ್ತದೆ. ಅರ್ಜಿದಾರರು ಮೊದಲೇ ಕನಿಷ್ಠ ನಾಲ್ಕೈದು ಅನುಪಾತಗಳನ್ನು, ಎರಡು ತುದಿಗಳೂ ಸೇರಿದಂತೆ, ಪರೀಕ್ಷಿಸಿಡುವುದು ಜಾಣತನ. ಆಮೇಲೆ ವಿವರಣೆಗೆ ಹೊಸ ಅಂಶ ತುರುಕಲು ಕಲಂ 59 ಬಿಡುವುದಿಲ್ಲ. ಪೂರಕ ಪ್ರಯೋಗವನ್ನು ತಜ್ಞರ ಅಫಿಡವಿಟ್ ಆಗಿ ಕೊಡಬಹುದು, ಆದರೆ ಆ ಫಲದ ಬೀಜ ಮೂಲ ವಿವರಣೆಯಲ್ಲಿ ಇದ್ದರೇ ತೂಕ.

ಫರೀದಾಬಾದಿನ ಕೇಂದ್ರೀಯ ಕೀಟನಾಶಕ ಮಂಡಳಿಗೆ ಕೊಟ್ಟ ನೋಂದಣಿ ಪ್ರಯೋಗಗಳನ್ನೇ ಇಲ್ಲಿಗೂ ತರುವುದು ರೂಢಿ. ಅವು ಸಾಮಾನ್ಯವಾಗಿ ಮಿಶ್ರಣವನ್ನು ಮಾರುಕಟ್ಟೆಯ ಉತ್ಪನ್ನದ ಜೊತೆ ಅದರ ಶಿಫಾರಸು ಡೋಸಿನಲ್ಲಿ ಹೋಲಿಸಿರುತ್ತವೆ. ಮಿಶ್ರಣದಲ್ಲಿರುವಷ್ಟೇ ಕ ಒಂಟಿಯಾಗಿ, ಅಷ್ಟೇ ಖ ಒಂಟಿಯಾಗಿ ಎಂಬ ಎರಡು ಪ್ಲಾಟುಗಳಿಲ್ಲದಿದ್ದರೆ ಆ ದಪ್ಪ ಫೈಲು ಸಿನರ್ಜಿಗೆ ಪ್ರಯೋಜನವಿಲ್ಲ.

ರೂಪದ ಲಾಭ ಹೇಳುವುದಿದ್ದರೂ ಹೋಲಿಕೆ ಅತಿ ಹತ್ತಿರದ ಹಳೆಯದರ ಜೊತೆಗೇ ಇರಲಿ. ಡಿಸ್ಪರ್ಸೆಂಟೇ ಹಾಕದ ಬಾಟಲಿಯನ್ನು ಪಕ್ಕದಲ್ಲಿಟ್ಟು ‘ನೋಡಿ, ನಮ್ಮದು ನಿಂತಿದೆ’ ಎನ್ನುವುದು ಕುಂಟನ ಜೊತೆ ಓಟ.

ಹೆಜ್ಜೆ 7: ಪಕ್ಕದ ಬಾಗಿಲುಗಳು

ಹೊಳೆಯುವಿಕೆಯಲ್ಲಿ ಗೆದ್ದರೂ ಕಲಂ 3 ಕಾಯುತ್ತಿರುತ್ತದೆ. 3(ಇ): ಬರೀ ಬೆರಕೆ, ಗುಣಗಳ ಬರೀ ಮೊತ್ತ, ಇವಕ್ಕೆ ಪೇಟೆಂಟ್ ಇಲ್ಲ. 3(ಡಿ): ಗೊತ್ತಿರುವ ಪದಾರ್ಥದ ಹೊಸ ರೂಪ, ಕಣದ ಗಾತ್ರವೂ ಸೇರಿ, ಪರಿಣಾಮ ಹೆಚ್ಚಿಸದಿದ್ದರೆ ಇಲ್ಲ. ನೋವಾರ್ಟಿಸ್ ತೀರ್ಪಿನಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್, ಪರಿಣಾಮವನ್ನು ಆಯಾ ಉತ್ಪನ್ನದ ಕೆಲಸದಿಂದ ಅಳೆಯಬೇಕು ಎಂದಿತು. ಹಾಗಾಗಿ ಕೀಟನಾಶಕಕ್ಕೆ ಕೀಟ ಸಾಯುವುದೇ ಅಳತೆ, ಬಾಟಲಿ ಚೆಂದ ನಿಲ್ಲುವುದಲ್ಲ. ಸಿಂಪಡಿಸುವ ವಿಧಾನವನ್ನು ಕ್ಲೇಮ್ ಮಾಡಿದರೆ 3(ಎಚ್), ಕೃಷಿ ವಿಧಾನ ಎಂಬ ಆಕ್ಷೇಪ ಬರುತ್ತದೆ.

ಹೆಜ್ಜೆ 8: ಆಂಟಾಪ್ ಹಿಲ್‌ನಲ್ಲಿ

ಮಹಾರಾಷ್ಟ್ರ, ಗೋವಾ, ಗುಜರಾತ್, ಮಧ್ಯಪ್ರದೇಶ, ಛತ್ತೀಸ್‌ಗಢದ ಅರ್ಜಿಗಳು ಮುಂಬೈ ಕಚೇರಿಗೆ, ಅಂದರೆ ಆಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನಕ್ಕೆ, ಕರ್ನಾಟಕದವು ಚೆನ್ನೈಗೆ. ಊರು ಹುಬ್ಬಳ್ಳಿಯಾಗಿದ್ದು ಕಂಪನಿ ಠಾಣೆಯಲ್ಲಿದ್ದರೆ ಮುಂಬೈಯಲ್ಲೇ ಹಾಕಬಹುದು.

ಮಂಜೂರಾತಿಗೆ ಮುಂಚಿನ ತಕರಾರನ್ನು ಫಾರ್ಮ್ 7ಎ ಮೂಲಕ ಯಾರು ಬೇಕಾದರೂ ಹಾಕಬಹುದು. ಮಂಜೂರಾದ ಮೇಲಿನದ್ದು ಫಾರ್ಮ್ 7. ಅದಕ್ಕೆ ಹಿತಾಸಕ್ತಿ ಇರಬೇಕು, ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ ಬರಬೇಕು. ಅರ್ಜಿದಾರರಾದರೆ ಮೊದಲ ಪರೀಕ್ಷಾ ವರದಿಗೆ ಉತ್ತರಿಸಲು 6 ತಿಂಗಳಿದೆ. ಪ್ರಯೋಗವೇನಾದರೂ ಬಾಕಿಯಿದ್ದರೆ ವರದಿ ಬಂದ ವಾರವೇ ಶುರು ಮಾಡಿ. ಹತ್ತಿಗೆ ಬಿಳಿನೊಣ ಬರುವ ಕಾಲವನ್ನು ಕಾನೂನು ಕಾಯುವುದಿಲ್ಲ.

ವಿಚಾರಣೆಗೆ ಒಂದೇ ಹಾಳೆ ಸಿದ್ಧವಿರಲಿ, ಮೂರು ಕಂಬಗಳಲ್ಲಿ: ಕ್ಲೇಮಿನ ಅಂಶ, ಅತಿ ಹತ್ತಿರದ ದಾಖಲೆಯಲ್ಲಿ ಅದು ಇರುವ ಪುಟ-ಸಾಲು, ವ್ಯತ್ಯಾಸವಿದ್ದರೆ ಅದಕ್ಕೆ ಕಾರಣ ಮತ್ತು ನಿರೀಕ್ಷೆ. ಮೂರನೇ ಕಂಬ ಖಾಲಿ ಬಿಟ್ಟವರನ್ನು ಅಲ್ಲೇ ತಡೆದು ಪ್ರಶ್ನೆ ಕೇಳುತ್ತಾರೆ. ವಿಚಾರಣೆ ಮುಗಿದ 15 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಅದೇ ಹಾಳೆಯನ್ನು, ಅಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಸೇರಿಸಿ, ಮೊದಲ ಅನುಬಂಧವಾಗಿ ಹಚ್ಚಿ. ಅರ್ಜಿ ತಿರಸ್ಕೃತವಾದರೆ ಮುಂಬೈ ಕಚೇರಿಯ ಆದೇಶದ ಮೇಲೆ ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 3 ತಿಂಗಳ ಅವಕಾಶವಿದೆ.